ಕಣ್ಣೊಳಗಿನ ಪರದೆ ಕಳಚಿದಾಗ

ಬ್ರಿಟನ್ನಿನ ಪ್ರಧಾನಿಯಾಗಿದ್ದ ಗಾರ್ಡನ್ ಬ್ರೌನ್ ಅವರಿಗೆ ಎಡಗಣ್ಣು ಕಾಣುವುದಿಲ್ಲ. ಹದಿನಾರನೇ ವಯಸ್ಸಿನಲ್ಲಿ, ಸ್ಕಾಟ್ಲೆಂಡಿನ ಕರ್ಕಾಡಿಯ ಶಾಲೆಯಲ್ಲಿ ರಗ್ಬಿ ಆಡುವಾಗ ಯಾರದೋ ಕಾಲು ತಲೆಗೆ ಬಡಿಯಿತು. ಕಣ್ಣಿನ ಒಳಗಿನ ಪರದೆ ಕಳಚಿತು. ಒಂದಾದ ಮೇಲೊಂದು ಶಸ್ತ್ರಚಿಕಿತ್ಸೆಗಳಾದವು. ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಅಲುಗಾಡದೆ ಮಲಗಿದರೂ ದೃಷ್ಟಿ ಉಳಿಯಲಿಲ್ಲ. ಕೆಲವು ವರ್ಷಗಳ ನಂತರ ಎಡಿನ್‌ಬರೋದಲ್ಲಿ ಓದುತ್ತಿದ್ದಾಗ ಬಲಗಣ್ಣಿನಲ್ಲೂ ಅದೇ ತೊಂದರೆ ಕಾಣಿಸಿಕೊಂಡಿತು. ಈ ಸಲ ಲಕ್ಷಣ ಅವರಿಗೆ ಹೊಸದಾಗಿರಲಿಲ್ಲ. ಎಡಿನ್‌ಬರೋ ರಾಯಲ್ ಇನ್‌ಫರ್ಮರಿಯ ಸರ್ಜನ್ ಹೆಕ್ಟರ್ ಚಾವ್ಲಾ ಆಗಿನ ಹೊಸ ವಿಧಾನದಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಆ ಕಣ್ಣನ್ನು ಉಳಿಸಿದರು. ಬ್ರೌನ್ ಮುಂದೆ ಹಣಕಾಸು ಸಚಿವರಾಗಿ, ಪ್ರಧಾನಿಯಾಗಿ ಕಡತಗಳನ್ನು ಓದಿದ್ದೆಲ್ಲ ಆ ಒಂದೇ ಕಣ್ಣಿನಿಂದ.

ಇಂದು ಅದೇ ಕಾಯಿಲೆಗೆ ಸುಮಾರು ಅರ್ಧ ಮಿಲಿಮೀಟರ್ ಅಗಲದ ಮೂರು ರಂಧ್ರಗಳ ಮೂಲಕ ಚಿಕಿತ್ಸೆ ನಡೆಯುತ್ತದೆ. ಹೆಚ್ಚಿನವರಿಗೆ ಹೊಲಿಗೆಯೂ ಬೇಡ, ಪೂರ್ತಿ ಪ್ರಜ್ಞೆ ತಪ್ಪಿಸುವುದೂ ಬೇಡ. ಅದೇ ದಿನ ಅಥವಾ ಮರುದಿನ ಮನೆಗೆ ಹೋಗಬಹುದು. ಉಪಕರಣಗಳು ಇಷ್ಟು ಸೂಕ್ಷ್ಮವಾಗಿದ್ದರೂ ದೃಷ್ಟಿ ಎಷ್ಟು ಉಳಿಯುತ್ತದೆ ಎಂಬುದು ಬಹುಮಟ್ಟಿಗೆ ಆಪರೇಷನ್ ಥಿಯೇಟರಿನ ಹೊರಗೇ ತೀರ್ಮಾನವಾಗಿರುತ್ತದೆ. ಕಣ್ಣಿನಲ್ಲಿ ಮೊದಲ ಮಿಂಚು ಕಂಡ ಗಳಿಗೆಯಿಂದ ರೆಟಿನಾ ತಜ್ಞರ ಮುಂದೆ ಕೂರುವವರೆಗೆ ಎಷ್ಟು ಹೊತ್ತು ಕಳೆಯಿತು ಎಂಬುದೇ ಇಲ್ಲಿ ದೊಡ್ಡ ಪ್ರಶ್ನೆ.

ಪರದೆ ಕಳಚುವುದು ಹೇಗೆ?

ಕಣ್ಣುಗುಡ್ಡೆಯ ಹಿಂಭಾಗದ ಒಳಗೋಡೆಗೆ ಅಂಟಿಕೊಂಡಿರುವ ನರಗಳ ಪದರವೇ ರೆಟಿನಾ ಅಥವಾ ಅಕ್ಷಿಪಟಲ. ಅದರ ದಪ್ಪ ಸುಮಾರು ಕಾಲು ಮಿಲಿಮೀಟರ್. ಬೆಳಕನ್ನು ಹಿಡಿದು ಮಿದುಳಿಗೆ ಸಂಕೇತವಾಗಿ ಕಳಿಸುವ ಜೀವಕೋಶಗಳು ಇರುವುದು ಇಲ್ಲೇ. ಇದರ ನಡುವಿನ ಮ್ಯಾಕ್ಯುಲಾ ಎಂಬ ಪುಟ್ಟ ಜಾಗದಿಂದಲೇ ನಾವು ಅಕ್ಷರ ಓದುತ್ತೇವೆ, ಮುಖ ಗುರುತಿಸುತ್ತೇವೆ, ಸೂಜಿಗೆ ದಾರ ಪೋಣಿಸುತ್ತೇವೆ. ಬೆಳಕು ಹಿಡಿಯುವ ಕೋಶಗಳಿಗೆ ಆಮ್ಲಜನಕ ಮತ್ತು ಪೋಷಣೆ ಬರುವುದು ಹಿಂದಿನ ಗೋಡೆಯ ರಕ್ತನಾಳಗಳಿಂದ. ಗೋಡೆಯಿಂದ ಬೇರೆಯಾದ ಕೂಡಲೇ ಅವು ಹಸಿದು ಸಾಯಲು ಶುರುವಾಗುತ್ತವೆ.

ಕಣ್ಣುಗುಡ್ಡೆಯ ಒಳಗೆ ಸುಮಾರು 4 ಮಿಲಿಲೀಟರ್ ಪಾರದರ್ಶಕ ಲೋಳೆ ತುಂಬಿರುತ್ತದೆ. ಅದಕ್ಕೆ ವಿಟ್ರಿಯಸ್ ಎಂದು ಹೆಸರು. ಅದರಲ್ಲಿ ಬಹುಪಾಲು ನೀರೇ. ಜೊತೆಗೆ ಕೊಲ್ಯಾಜನ್ ಎಳೆಗಳು. ಚಿಕ್ಕ ವಯಸ್ಸಿನಲ್ಲಿ ಗಟ್ಟಿಯಾಗಿರುವ ಈ ಲೋಳೆ ವಯಸ್ಸಾದಂತೆ ನೀರಾಗುತ್ತದೆ, ಕುಗ್ಗುತ್ತದೆ, ಐವತ್ತು ದಾಟಿದವರಲ್ಲಿ ಒಂದು ದಿನ ರೆಟಿನಾದಿಂದ ಬಿಡಿಸಿಕೊಳ್ಳುತ್ತದೆ. ಬಹಳ ಜನರಿಗೆ ಇದು ತಂಟೆಯಿಲ್ಲದೆ ಮುಗಿಯುತ್ತದೆ. ಆದರೆ ಲೋಳೆ ಎಲ್ಲಾದರೂ ಬಿಗಿಯಾಗಿ ಅಂಟಿಕೊಂಡಿದ್ದರೆ, ಬಿಡಿಸಿಕೊಳ್ಳುವಾಗ ಅದು ರೆಟಿನಾವನ್ನೂ ಎಳೆದು ಹರಿಯುತ್ತದೆ. ಆ ಹರಕಿನೊಳಗೆ ನೀರು ಇಳಿಯುತ್ತದೆ. ಮಳೆಗಾಲದಲ್ಲಿ ಗೋಡೆಯ ಬಿರುಕಿಗೆ ನೀರು ಸೇರಿ ಸುಣ್ಣದ ಪದರ ಉಬ್ಬಿ ಏಳುವ ಹಾಗೆ ರೆಟಿನಾ ಹಿಂದಿನ ಗೋಡೆಯಿಂದ ಏಳುತ್ತಾ ಹೋಗುತ್ತದೆ.

ಹೀಗೆ ಹರಕಿನಿಂದ ಆಗುವ ಕಳಚಿಕೆಯೇ ಹೆಚ್ಚು. ವರ್ಷಕ್ಕೆ ಸುಮಾರು ಹತ್ತು ಸಾವಿರದಲ್ಲಿ ಒಬ್ಬರಿಗೆ ಇದು ಬರುತ್ತದೆ. ಹೆಚ್ಚಿನ ಮೈನಸ್ ಪವರಿನ ಕನ್ನಡಕ ಹಾಕುವವರು, ಪೊರೆಯ ಶಸ್ತ್ರಚಿಕಿತ್ಸೆ ಆದವರು, ಕಣ್ಣಿಗೆ ಪೆಟ್ಟು ಬಿದ್ದವರು, ಮನೆಯಲ್ಲಿ ಬೇರೆಯವರಿಗೆ ಇದು ಆಗಿರುವವರು ಮತ್ತು ಈಗಾಗಲೇ ಒಂದು ಕಣ್ಣಿನಲ್ಲಿ ಅನುಭವಿಸಿದವರು ಹೆಚ್ಚು ಎಚ್ಚರವಾಗಿರಬೇಕು. ಮೈನಸ್ ಪವರಿನ ಕಣ್ಣು ಉದ್ದವಾಗಿರುವುದರಿಂದ ಅದರ ರೆಟಿನಾ ಅಂಚಿನಲ್ಲಿ ತೆಳುವಾಗಿರುತ್ತದೆ, ಲೋಳೆಯೂ ಬೇಗ ನೀರಾಗುತ್ತದೆ. ಲೇಸರ್ ಮಾಡಿಸಿ ಕನ್ನಡಕ ತೆಗೆದವರು ಈ ಪಟ್ಟಿಯಿಂದ ಹೊರಗೆ ಬಂದೆವೆಂದು ತಿಳಿಯಬಾರದು. ಆ ಲೇಸರ್ ಬದಲಿಸುವುದು ಕಣ್ಣಿನ ಮುಂಭಾಗವನ್ನು ಮಾತ್ರ. ಹಿಂದಿನ ರೆಟಿನಾ ಮೊದಲಿನಂತೆಯೇ ತೆಳುವಾಗಿರುತ್ತದೆ.

ಸಕ್ಕರೆ ಕಾಯಿಲೆಯವರ ಕತೆ ಬೇರೆ. ಅವರಲ್ಲಿ ಹೊಸದಾಗಿ ಬೆಳೆದ ದುರ್ಬಲ ರಕ್ತನಾಳಗಳು, ಅವುಗಳೊಂದಿಗೆ ಹಬ್ಬಿದ ನಾರಿನಂಥ ಪೊರೆ, ಎರಡೂ ಸೇರಿ ರೆಟಿನಾವನ್ನು ಜಗ್ಗಿ ಎಬ್ಬಿಸುತ್ತವೆ. ಇದು ನಿಧಾನ. ವರ್ಷಕ್ಕೊಮ್ಮೆ ಪಾಪೆ ಅಗಲಿಸಿ ನೋಡಿದರೆ ಬಹಳ ಮೊದಲೇ ಸಿಕ್ಕಿಬೀಳುತ್ತದೆ.

ನೋವಿಲ್ಲ, ಅದೇ ಅಪಾಯ

ಕಣ್ಣು ಕೆಂಪಾಗುವುದಿಲ್ಲ, ಉರಿಯುವುದಿಲ್ಲ, ನೀರು ಸುರಿಯುವುದಿಲ್ಲ. ನೋವು ಇಲ್ಲದ ಕಾಯಿಲೆಗೆ ನಮ್ಮಲ್ಲಿ ಆಸ್ಪತ್ರೆಗೆ ಓಡುವ ರೂಢಿ ಇಲ್ಲ. ‘ಕನ್ನಡಕದ ಪವರ್ ಬದಲಾಗಿರಬೇಕು’, ‘ಪೊರೆ ಬಂದಿರಬೇಕು’, ‘ಮಗಳ ಮದುವೆ ಮುಗಿಯಲಿ’ ಎಂದು ದಿನ ದೂಡುತ್ತಾರೆ. ಪೊರೆ ಕಾಯುತ್ತದೆ. ಕಳಚಿದ ರೆಟಿನಾ ಕಾಯುವುದಿಲ್ಲ.

ಗಮನಿಸಬೇಕಾದ ಲಕ್ಷಣಗಳು ಮೂರು. ಕತ್ತಲಲ್ಲಿ ಅಥವಾ ಕಣ್ಣು ಹೊರಳಿಸಿದಾಗ ಒಂದು ಪಕ್ಕದಲ್ಲಿ ಮಿಂಚು ಹೊಡೆದಂತಾಗುವುದು. ಲೋಳೆ ರೆಟಿನಾವನ್ನು ಜಗ್ಗಿದಾಗ ಮಿದುಳು ಅದನ್ನು ಬೆಳಕೆಂದು ತಿಳಿಯುವುದರಿಂದ ಹೀಗಾಗುತ್ತದೆ. ಎರಡನೆಯದು, ಕಣ್ಣ ಮುಂದೆ ತೇಲುವ ಕಪ್ಪು ಚುಕ್ಕೆ, ಜೇಡನ ಬಲೆ, ಸೊಳ್ಳೆಯಂಥ ನೆರಳುಗಳು ಒಮ್ಮೆಲೇ ಹೆಚ್ಚುವುದು. ವರ್ಷಗಳಿಂದ ಇರುವ ಒಂದೆರಡು ಚುಕ್ಕೆಗಳಿಗೆ ಗಾಬರಿ ಬೇಡ. ನಿನ್ನೆ ಇಲ್ಲದ್ದು ಇಂದು ರಾಶಿಯಾಗಿ ಬಂದರೆ, ಅದರಲ್ಲೂ ಮಸಿ ಎರಚಿದ ಹಾಗೆ ಕಂಡರೆ, ಒಳಗೆ ರಕ್ತ ಒಸರಿರಬಹುದು. ಮೂರನೆಯದು, ನೋಟದ ಒಂದು ಪಕ್ಕದಿಂದ ಕಪ್ಪು ನೆರಳು ಸರಿಯುತ್ತಾ ಬರುವುದು. ಮೊದಲ ಎರಡು ಕಾಣಿಸಿದಾಗ ಬಹುಶಃ ಹರಕು ಮಾತ್ರ ಆಗಿರುತ್ತದೆ. ಮೂರನೆಯದು ಕಾಣಿಸಿತೆಂದರೆ ಕಳಚಿಕೆ ಶುರುವಾಗಿದೆ ಎಂದೇ ಹಿಡಿಯಬೇಕು.

ನೆರಳು ಎಲ್ಲಿ ಕಾಣುತ್ತದೋ ಅದರ ಎದುರು ಭಾಗದಲ್ಲಿ ರೆಟಿನಾ ಎದ್ದಿರುತ್ತದೆ. ಕೆಳಗಿನಿಂದ ನೆರಳು ಏರುತ್ತಿದ್ದರೆ ರೆಟಿನಾದ ಮೇಲ್ಭಾಗ ಕಳಚಿದೆ ಎಂದರ್ಥ. ನೀರು ಕೆಳಗಿಳಿಯುವುದರಿಂದ ಅಂಥ ಕಳಚಿಕೆ ಬೇಗ ಮ್ಯಾಕ್ಯುಲಾ ತಲುಪುತ್ತದೆ. ಹೀಗಾಗಿ ನೆರಳು ಯಾವ ದಿಕ್ಕಿನಿಂದ, ಯಾವ ದಿನ, ಯಾವ ಹೊತ್ತಿಗೆ ಶುರುವಾಯಿತು ಎಂಬುದನ್ನು ವೈದ್ಯರಿಗೆ ಸರಿಯಾಗಿ ಹೇಳುವುದು ತುಂಬ ಉಪಯೋಗದ ಮಾತು.

ಎರಡೂ ಕಣ್ಣು ತೆರೆದಿದ್ದರೆ ಒಂದರ ಕೊರತೆಯನ್ನು ಇನ್ನೊಂದು ಮುಚ್ಚಿಹಾಕುತ್ತದೆ. ಆದ್ದರಿಂದ ಅಪಾಯದ ಪಟ್ಟಿಯಲ್ಲಿರುವವರು ಆಗಾಗ ಒಂದೊಂದೇ ಕಣ್ಣು ಮುಚ್ಚಿ ಎದುರು ಗೋಡೆಯ ಕ್ಯಾಲೆಂಡರ್ ನೋಡಬೇಕು. ನಾಲ್ಕೂ ಮೂಲೆ ಕಾಣುತ್ತಿದೆಯೇ, ಗೆರೆಗಳು ಸೊಟ್ಟಗಿವೆಯೇ ಎಂದು ತಿಳಿಯಲು ಅರ್ಧ ನಿಮಿಷ ಸಾಕು.

ಲಕ್ಷಣ ಕಂಡರೆ ಕನ್ನಡಕದ ಅಂಗಡಿಗೆ ಹೋಗಿ ಪ್ರಯೋಜನವಿಲ್ಲ. ಕಣ್ಣಿನ ಆಸ್ಪತ್ರೆಗೆ ಫೋನ್ ಮಾಡಿ ‘ಇದ್ದಕ್ಕಿದ್ದಂತೆ ಮಿಂಚು ಬರುತ್ತಿದೆ, ಕಪ್ಪು ಪರದೆ ಕಾಣುತ್ತಿದೆ, ರೆಟಿನಾ ಡಾಕ್ಟರು ಇಂದು ಇದ್ದಾರೆಯೇ’ ಎಂದು ಕೇಳಬೇಕು. ಬರೀ ‘ಕಣ್ಣು ಮಂಜು’ ಎಂದರೆ ಮುಂದಿನ ವಾರದ ಟೋಕನ್ ಸಿಗಬಹುದು. ಪಾಪೆ ಅಗಲಿಸುವ ಡ್ರಾಪ್ಸ್ ಹಾಕಿದರೆ ಕೆಲವು ಗಂಟೆ ಮಂಜಾಗುತ್ತದೆ. ಹಾಗಾಗಿ ಗಾಡಿ ಓಡಿಸಿಕೊಂಡು ಒಬ್ಬರೇ ಹೋಗದೆ ಮನೆಯವರೊಬ್ಬರನ್ನು ಕರೆದುಕೊಂಡು ಹೋಗುವುದು ಒಳ್ಳೆಯದು. ಸಕ್ಕರೆ, ಬಿಪಿ, ರಕ್ತ ತೆಳುವಾಗಿಸುವ ಮಾತ್ರೆಗಳ ಚೀಟಿ ಕೈಯಲ್ಲಿರಲಿ. ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಬಾರದು.

ಹರಕಿನ ಹಂತದಲ್ಲೇ ಸಿಕ್ಕರೆ

ಆಸ್ಪತ್ರೆಯಲ್ಲಿ ವೈದ್ಯರು ತಲೆಗೆ ದೀಪ ಕಟ್ಟಿಕೊಂಡು, ಕೈಯಲ್ಲಿ ಮಸೂರ ಹಿಡಿದು, ರೋಗಿಯನ್ನು ಮಲಗಿಸಿ ಕಣ್ಣಿನ ಒಳಗನ್ನು ಅಂಚಿನವರೆಗೂ ನೋಡುತ್ತಾರೆ. ಹೊರಗಿನಿಂದ ಸಣ್ಣ ಕಡ್ಡಿಯಿಂದ ಮೆಲ್ಲಗೆ ಒತ್ತುವುದೂ ಉಂಟು. ಒತ್ತಿದಾಗ ಸ್ವಲ್ಪ ಕಿರಿಕಿರಿಯಾಗುತ್ತದೆ, ಆದರೆ ಅಂಚಿನ ಹರಕು ಕಾಣಲು ಅದು ಬೇಕು. ಒಳಗೆ ರಕ್ತ ತುಂಬಿ ಏನೂ ಕಾಣದಿದ್ದರೆ ಸ್ಕ್ಯಾನಿಂಗ್ ಮಾಡುತ್ತಾರೆ.

ಲೋಳೆ ಬಿಡಿಸಿಕೊಂಡು ಹೊಸದಾಗಿ ಮಿಂಚು, ಚುಕ್ಕೆ ಕಂಡವರಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಮಂದಿಗೆ ಹರಕು ಇರುತ್ತದೆ. ಸುತ್ತ ನೀರು ಸೇರುವ ಮೊದಲೇ ಅದು ಸಿಕ್ಕರೆ ಹೊರರೋಗಿ ವಿಭಾಗದಲ್ಲೇ ಲೇಸರಿನಿಂದ ಹರಕಿನ ಸುತ್ತ ಸಣ್ಣ ಸಣ್ಣ ಸುಟ್ಟ ಗುರುತುಗಳ ಬೇಲಿ ಹಾಕುತ್ತಾರೆ. ಅವು ಗಾಯವಾಗಿ ಮಾಗಿ, ಒಂದೆರಡು ವಾರಗಳಲ್ಲಿ ರೆಟಿನಾವನ್ನು ಗೋಡೆಗೆ ಗಟ್ಟಿಯಾಗಿ ಅಂಟಿಸುತ್ತವೆ. ಕೆಲವೇ ನಿಮಿಷದ ಕೆಲಸ, ನಡೆದುಕೊಂಡು ಮನೆಗೆ. ಹರಕಿಲ್ಲ ಎಂದು ಹೇಳಿ ಕಳಿಸಿದವರೂ ನಾಲ್ಕರಿಂದ ಆರು ವಾರದೊಳಗೆ ಮತ್ತೊಮ್ಮೆ ತೋರಿಸಬೇಕು. ಲೋಳೆ ಪೂರ್ತಿ ಬಿಡುವವರೆಗೆ ಹೊಸ ಹರಕು ಆಗಬಹುದು.

ರೆಟಿನಾ ಎದ್ದಿದ್ದರೆ ಮುಂದಿನ ಪ್ರಶ್ನೆ, ಮ್ಯಾಕ್ಯುಲಾ ಇನ್ನೂ ಅಂಟಿಕೊಂಡಿದೆಯೇ? ಅಂಟಿಕೊಂಡಿದ್ದರೆ ಅದು ತುರ್ತು. ಸಾಧ್ಯವಾದರೆ ಒಂದು ದಿನದೊಳಗೆ ಶಸ್ತ್ರಚಿಕಿತ್ಸೆ ಆಗಬೇಕು, ಏಕೆಂದರೆ ಉಳಿಸಿಕೊಳ್ಳಲು ಪೂರ್ತಿ ದೃಷ್ಟಿ ಇದೆ. ಅಲ್ಲಿಯವರೆಗೆ ಯಾವ ಮಗ್ಗುಲಲ್ಲಿ ಮಲಗಬೇಕೆಂದು ವೈದ್ಯರು ಹೇಳಿದರೆ ಅದನ್ನು ಚಾಚೂ ತಪ್ಪದೆ ಪಾಲಿಸಬೇಕು. ನೀರು ಮ್ಯಾಕ್ಯುಲಾ ಕಡೆಗೆ ಹರಿಯದಂತೆ ತಡೆಯುವುದು ಅದೇ. ಮ್ಯಾಕ್ಯುಲಾ ಆಗಲೇ ಕಳಚಿದ್ದರೂ ಕೈಬಿಡಬೇಕಿಲ್ಲ. ಮೊದಲ ಕೆಲವು ದಿನಗಳಲ್ಲಿ ಸರಿಪಡಿಸಿದವರಿಗೂ ತಿಂಗಳು ಕಳೆದು ಬಂದವರಿಗೂ ಸಿಗುವ ಫಲದಲ್ಲಿ ಬಹಳ ಅಂತರವಿದೆ.

ಲಾಸಾನ್‌ನಿಂದ ಮಯಾಮಿಗೆ

ನೂರು ವರ್ಷಗಳ ಹಿಂದೆ ಕಳಚಿದ ರೆಟಿನಾ ಎಂದರೆ ಕುರುಡು ಎಂದೇ ಲೆಕ್ಕ. ರೆಟಿನಾದಲ್ಲಿ ಹರಕು ಕಾಣುತ್ತದೆಂದು ಗೊತ್ತಿತ್ತು. ಅದು ಕಳಚಿಕೆಯ ಪರಿಣಾಮವಲ್ಲ, ಕಾರಣ, ಅದನ್ನು ಮುಚ್ಚಿದರೆ ಮಾತ್ರ ಗುಣ ಎಂದು ಸಾಧಿಸಿ ತೋರಿಸಿದವರು ಸ್ವಿಟ್ಜರ್ಲೆಂಡಿನ ಲಾಸಾನ್ ನಗರದ ಜೂಲ್ಸ್ ಗೊನ್ಯಾ. ಅವರು ಹರಕು ಇರುವ ಜಾಗವನ್ನು ಹೊರಗಿನಿಂದ ಅಳೆದು ಗುರುತಿಸಿ, ಕಾಸಿದ ಮೊನೆಯಿಂದ ಅಲ್ಲಿ ಸುಟ್ಟು ಮುಚ್ಚುತ್ತಿದ್ದರು. ವರ್ಷಗಟ್ಟಲೆ ಯಾರೂ ನಂಬಲಿಲ್ಲ. 1929ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಅಂತರರಾಷ್ಟ್ರೀಯ ಸಮ್ಮೇಳನದ ಹೊತ್ತಿಗೆ ಅವರ ಮಾತನ್ನು ಜಗತ್ತು ಒಪ್ಪಿತು. ಇಂದಿನ ಎಲ್ಲ ವಿಧಾನಗಳೂ ಗೊನ್ಯಾ ಹೇಳಿದ ಕೆಲಸವನ್ನೇ ಮಾಡುತ್ತವೆ: ಹರಕು ಹುಡುಕು, ಹರಕು ಮುಚ್ಚು.

1945ರ ಜುಲೈನಲ್ಲಿ ಸೂರ್ಯಗ್ರಹಣ ನೋಡಿ ರೆಟಿನಾ ಸುಟ್ಟುಕೊಂಡ ವಿದ್ಯಾರ್ಥಿಯೊಬ್ಬ ಜರ್ಮನಿಯ ವೈದ್ಯ ಗೆರ್ಡ್ ಮೇಯರ್-ಶ್ವಿಕೆರಾತ್ ಬಳಿ ಬಂದ. ಬೆಳಕು ಸುಡುವುದಾದರೆ ಅದೇ ಬೆಳಕಿನಿಂದ ಅಂಟಿಸಲೂ ಆಗಬೇಕಲ್ಲ ಎಂದು ಅವರಿಗೆ ಹೊಳೆಯಿತು. ಮೊದಲು ಬಿಸಿಲನ್ನೇ ಕನ್ನಡಿಗಳಿಂದ ಕಣ್ಣಿಗೆ ಹಾಯಿಸಿ ನೋಡಿದರು, ಆಮೇಲೆ ಕ್ಸೆನಾನ್ ದೀಪ ಬಂತು. ಇಂದಿನ ಲೇಸರ್ ಅದರ ಮುಂದುವರಿಕೆ. ಅದೇ ಕಾಲದಲ್ಲಿ ಬೆಲ್ಜಿಯಂ ಮೂಲದ ಚಾರ್ಲ್ಸ್ ಸ್ಕೆಪೆನ್ಸ್ ತಲೆಗೆ ಕಟ್ಟಿಕೊಂಡು ಎರಡೂ ಕಣ್ಣಿನಿಂದ ನೋಡುವ ಉಪಕರಣವನ್ನು ಕಟ್ಟಿದರು. ಎರಡನೇ ಮಹಾಯುದ್ಧದಲ್ಲಿ ಸುಳ್ಳು ಹೆಸರಿನಲ್ಲಿ ಮರ ಕೊಯ್ಯುವ ಗಿರಣಿ ನಡೆಸುತ್ತಾ ನಾತ್ಸಿಗಳಿಂದ ತಪ್ಪಿಸಿಕೊಂಡವರನ್ನು ಪಿರನೀಸ್ ಬೆಟ್ಟ ದಾಟಿಸಿದ್ದ ಧೈರ್ಯವಂತ ಇವರು. ಮುಂದೆ ಬಾಸ್ಟನ್ನಿನಲ್ಲಿ ಅವರ ಬಳಿ ತರಬೇತಿ ಪಡೆದವರಲ್ಲಿ ಎಸ್.ಎಸ್. ಬದರಿನಾಥ್ ಒಬ್ಬರು. ಅವರು 1978ರಲ್ಲಿ ಚೆನ್ನೈಯಲ್ಲಿ ಶಂಕರ ನೇತ್ರಾಲಯ ಕಟ್ಟಿ, ರೆಟಿನಾ ಶಸ್ತ್ರಚಿಕಿತ್ಸೆಯನ್ನು ದಕ್ಷಿಣ ಭಾರತದ ಸಾಮಾನ್ಯರ ಕೈಗೆ ಎಟುಕಿಸಿದರು.

1970ರವರೆಗಿನ ಚಿಕಿತ್ಸೆಗಳೆಲ್ಲ ಕಣ್ಣಿನ ಹೊರಗಿನಿಂದ. ಒಳಗಿನ ಲೋಳೆಗೆ ಕೈಹಚ್ಚಿದರೆ ಕಣ್ಣು ಹೋದಂತೆಯೇ ಎಂಬುದು ಗುರುಗಳಿಂದ ಶಿಷ್ಯರಿಗೆ ಬಂದ ಪಾಠವಾಗಿತ್ತು. ಮಯಾಮಿಯಲ್ಲಿದ್ದ ಜರ್ಮನ್ ಮೂಲದ ರಾಬರ್ಟ್ ಮಾಕೆಮರ್ ಅದನ್ನು ಮುರಿದರು. ಲೋಳೆ ಕತ್ತರಿಸಿ ಹೀರುವ ಯಂತ್ರವನ್ನು ಮೊದಲು ಕೋಳಿಮೊಟ್ಟೆಯ ಬಿಳಿ ಲೋಳೆಯ ಮೇಲೆ ಪರೀಕ್ಷಿಸಿದರು. 1970ರಲ್ಲಿ ಸಕ್ಕರೆ ಕಾಯಿಲೆಯಿಂದ ಕಣ್ಣೊಳಗೆ ರಕ್ತ ತುಂಬಿದ್ದ ರೋಗಿಯೊಬ್ಬರಿಗೆ ಅದನ್ನು ಬಳಸಿದರು. ವಿಟ್ರೆಕ್ಟಮಿ ಎಂಬ ಶಸ್ತ್ರಚಿಕಿತ್ಸೆ ಹುಟ್ಟಿದ್ದು ಹಾಗೆ. ಅವರ ಉಪಕರಣಕ್ಕೆ ಎರಡು ಮಿಲಿಮೀಟರಿಗಿಂತ ದೊಡ್ಡ ಸೀಳು ಬೇಕಿತ್ತು. ಕೆಲವೇ ವರ್ಷಗಳಲ್ಲಿ ನೀರು, ದೀಪ, ಕತ್ತರಿ ಮೂರಕ್ಕೂ ಬೇರೆ ಬೇರೆ ದಾರಿ ಮಾಡುವ ಪದ್ಧತಿ ಬಂತು, ಸೀಳು 0.9 ಮಿಲಿಮೀಟರಿಗೆ ಇಳಿಯಿತು, ಹೊಲಿಗೆ ಮಾತ್ರ ತಪ್ಪಲಿಲ್ಲ. 2002ರಲ್ಲಿ ಅಮೆರಿಕದ ತಂಡ ಅರ್ಧ ಮಿಲಿಮೀಟರಿನ 25 ಗೇಜ್ ಉಪಕರಣ ತಂದಿತು. 2005ರಲ್ಲಿ ಜರ್ಮನಿಯ ಕ್ಲಾಸ್ ಎಕಾರ್ಟ್ 23 ಗೇಜ್ ಪರಿಚಯಿಸಿದರು. 2010ರಲ್ಲಿ ಜಪಾನಿನ ಯುಸುಕೆ ಓಶಿಮಾ ತಂಡ 0.4 ಮಿಲಿಮೀಟರಿನ 27 ಗೇಜ್‌ವರೆಗೆ ಹೋಯಿತು. ಗೇಜ್ ಸಂಖ್ಯೆ ಏರಿದಷ್ಟೂ ಸೂಜಿ ಸಣ್ಣ.

ಥಿಯೇಟರಿನಲ್ಲಿ ನಡೆಯುವುದೇನು?

ಕಣ್ಣಿನ ಸುತ್ತ ಇಂಜೆಕ್ಷನ್ ಕೊಟ್ಟು ಮರಗಟ್ಟಿಸುತ್ತಾರೆ. ಮಕ್ಕಳಿಗೆ, ತೀರಾ ಹೆದರುವವರಿಗೆ ಪೂರ್ತಿ ಅರಿವಳಿಕೆ ಕೊಡುತ್ತಾರೆ. ಕರಿಗುಡ್ಡೆಯ ಅಂಚಿನಿಂದ ಸುಮಾರು ನಾಲ್ಕು ಮಿಲಿಮೀಟರ್ ಹಿಂದೆ, ಬಿಳಿಗುಡ್ಡೆಯಲ್ಲಿ, ಓರೆಯಾಗಿ ಮೂರು ಪುಟ್ಟ ಕೊಳವೆಗಳನ್ನು ಕೂರಿಸುತ್ತಾರೆ. ಆ ಜಾಗವನ್ನೇ ಆರಿಸುವುದಕ್ಕೆ ಕಾರಣವಿದೆ: ಮುಂದೆ ಹೋದರೆ ಮಸೂರಕ್ಕೆ ತಗಲುತ್ತದೆ, ಹಿಂದೆ ಹೋದರೆ ರೆಟಿನಾಕ್ಕೆ. ಒಂದು ಕೊಳವೆಯಿಂದ ಒಳಗೆ ದ್ರವ ಹರಿಯುತ್ತಾ ಕಣ್ಣಿನ ಒತ್ತಡ ಕಾಯುತ್ತದೆ, ಇನ್ನೊಂದರಲ್ಲಿ ದೀಪ, ಮತ್ತೊಂದರಲ್ಲಿ ಕತ್ತರಿ. ಈಗಿನ ಕತ್ತರಿ ನಿಮಿಷಕ್ಕೆ ಸಾವಿರಾರು ಬಾರಿ ಕತ್ತರಿಸುತ್ತದೆ. ಅಷ್ಟು ವೇಗವಿದ್ದರೆ ಲೋಳೆಯ ಜೊತೆ ರೆಟಿನಾ ಎಳೆದುಕೊಂಡು ಬರುವುದಿಲ್ಲ. ವೇಗ ಹೆಚ್ಚಿದ್ದರಿಂದ ಸಿಕ್ಕ ದೊಡ್ಡ ಸುರಕ್ಷತೆ ಅದು.

ಸರ್ಜನ್ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ ಲೋಳೆ ತೆಗೆಯುತ್ತಾರೆ, ಹರಕನ್ನು ಜಗ್ಗುತ್ತಿರುವ ಎಳೆಗಳನ್ನು ಬಿಡಿಸುತ್ತಾರೆ, ರೆಟಿನಾದ ಹಿಂದೆ ಸೇರಿದ ನೀರನ್ನು ಹೀರಿ ಗಾಳಿ ತುಂಬುತ್ತಾರೆ. ಪರದೆ ಮತ್ತೆ ಗೋಡೆಗೆ ಕೂರುತ್ತದೆ. ಹರಕಿನ ಸುತ್ತ ಲೇಸರ್ ಬೇಲಿ ಹಾಕುತ್ತಾರೆ. ಆ ಬೇಲಿ ಗಟ್ಟಿಯಾಗುವವರೆಗೆ ಹರಕನ್ನು ಒಳಗಿನಿಂದ ಒತ್ತಿಹಿಡಿಯಲು ಗ್ಯಾಸ್ ಅಥವಾ ಸಿಲಿಕಾನ್ ಎಣ್ಣೆ ತುಂಬುತ್ತಾರೆ. ಕೊಳವೆ ಕಿತ್ತಾಗ ಓರೆ ದಾರಿ ತಾನಾಗಿ ಮುಚ್ಚಿಕೊಳ್ಳುತ್ತದೆ; ಸೋರಿಕೆ ಕಂಡರೆ ಒಂದು ಹೊಲಿಗೆ ಹಾಕುತ್ತಾರೆ. ಸಾಮಾನ್ಯವಾಗಿ ಒಂದು ಗಂಟೆಯ ಆಸುಪಾಸು ಹಿಡಿಯುತ್ತದೆ, ಕ್ಲಿಷ್ಟವಾಗಿದ್ದರೆ ಹೆಚ್ಚು.

ಇದಕ್ಕಿಂತಲೂ ಸರಳವಾದ ದಾರಿಯೊಂದಿದೆ. 1986ರಲ್ಲಿ ಅಮೆರಿಕದ ಜಾರ್ಜ್ ಹಿಲ್ಟನ್ ಮತ್ತು ಸ್ಯಾಂಡರ್ಸನ್ ಗ್ರಿಝಾರ್ಡ್ ವಿವರಿಸಿದ ಈ ವಿಧಾನದಲ್ಲಿ ಥಿಯೇಟರೇ ಬೇಡ. ಕಣ್ಣೊಳಗೆ ಗ್ಯಾಸಿನ ಒಂದು ಗುಳ್ಳೆ ಚುಚ್ಚಿ, ತಲೆಯನ್ನು ಸರಿಯಾದ ಕೋನದಲ್ಲಿ ಇಟ್ಟರೆ ಗುಳ್ಳೆ ತೇಲಿ ಹರಕನ್ನು ಮುಚ್ಚುತ್ತದೆ. ಒಳಗಿನ ನೀರನ್ನು ಗೋಡೆಯ ಕೋಶಗಳೇ ಹೀರಿಕೊಳ್ಳುತ್ತವೆ. ಹರಕು ಚಿಕ್ಕದಾಗಿ, ಮೇಲ್ಭಾಗದಲ್ಲಿದ್ದವರಿಗೆ ಮಾತ್ರ ಇದು ಹೊಂದುತ್ತದೆ. ಟೊರೊಂಟೊದಲ್ಲಿ 176 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನ ಇವೆರಡನ್ನೂ ಹೋಲಿಸಿತು. ಒಂದೇ ಯತ್ನದಲ್ಲಿ ರೆಟಿನಾ ಅಂಟಿದ್ದು ಗ್ಯಾಸಿನ ಗುಳ್ಳೆಯಿಂದ ಶೇ. 80.8 ಮಂದಿಗೆ, ವಿಟ್ರೆಕ್ಟಮಿಯಿಂದ ಶೇ. 93.2 ಮಂದಿಗೆ. ಆದರೆ ವರ್ಷದ ಕೊನೆಯಲ್ಲಿ ಓದುವ ದೃಷ್ಟಿ ಗುಳ್ಳೆಯ ಗುಂಪಿನಲ್ಲಿ ತುಸು ಚೆನ್ನಾಗಿತ್ತು, ಗೆರೆಗಳು ಸೊಟ್ಟಗೆ ಕಾಣುವ ತೊಂದರೆಯೂ ಕಡಿಮೆ.

ಹೊರಗಿನಿಂದ ಬಿಳಿಗುಡ್ಡೆಗೆ ಸಿಲಿಕಾನ್ ಪಟ್ಟಿ ಹೊಲಿದು ಗೋಡೆಯನ್ನೇ ರೆಟಿನಾ ಕಡೆಗೆ ತಳ್ಳುವ ಹಳೆಯ ಬಕಲ್ ಪದ್ಧತಿಯೂ ಇನ್ನೂ ಜೀವಂತವಾಗಿದೆ, ಇರಬೇಕು ಕೂಡ. ಇಪ್ಪತ್ತರ ಹರೆಯದವರಲ್ಲಿ ಲೋಳೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ, ತೆಗೆಯುವುದು ಕಷ್ಟ, ಸ್ವಂತ ಮಸೂರವೂ ಚೆನ್ನಾಗಿರುತ್ತದೆ. ಅವರಿಗೆ ಬಕಲ್ ಎಷ್ಟೋ ಸಲ ಉತ್ತಮ ಆಯ್ಕೆ. ಅತಿ ಸಣ್ಣ ರಂಧ್ರದ ವಿಧಾನವೇ ಎಲ್ಲರಿಗೂ ಒಳ್ಳೆಯದೆಂದು ಜಾಹೀರಾತು ನೋಡಿ ಹಟ ಹಿಡಿಯುವುದು ತರವಲ್ಲ. ‘ನನ್ನ ಹರಕು ಎಲ್ಲಿದೆ, ಎಷ್ಟಿದೆ, ನನಗೆ ಈ ವಿಧಾನವೇ ಏಕೆ’ ಎಂದು ಸರ್ಜನ್ನರನ್ನು ಕೇಳಿದರೆ ಗೇಜ್ ಸಂಖ್ಯೆ ಕೇಳುವುದಕ್ಕಿಂತ ಹೆಚ್ಚು ತಿಳಿಯುತ್ತದೆ.

ಗ್ಯಾಸ್ ಇರುವವರೆಗೆ ಘಾಟಿ ಹತ್ತಬೇಡಿ

ಶಸ್ತ್ರಚಿಕಿತ್ಸೆಯ ಅರ್ಧ ಭಾರ ಮನೆಗೆ ಬಂದ ಮೇಲೆ ರೋಗಿಯ ಕುತ್ತಿಗೆಯ ಮೇಲಿರುತ್ತದೆ. ಗ್ಯಾಸ್ ಯಾವಾಗಲೂ ಮೇಲಕ್ಕೆ ತೇಲುತ್ತದೆ. ಹರಕು ಎಲ್ಲಿದೆಯೋ ಆ ಜಾಗ ಮೇಲೆ ಬರುವಂತೆ ತಲೆ ಇಡಬೇಕು. ಕೆಲವರಿಗೆ ಒಂದು ಮಗ್ಗುಲು, ಕೆಲವರಿಗೆ ಮುಖ ಕೆಳಗೆ, ಕೆಲವರಿಗೆ ಕೂತರೆ ಸಾಕು. ಪಕ್ಕದ ಮನೆಯವರಿಗೆ ಹೇಳಿದ ಭಂಗಿ ನಮಗೆ ಲಾಗೂ ಆಗುವುದಿಲ್ಲ. ಮುಖ ಕೆಳಗೆ ಇಡಬೇಕಾದವರು ಮೇಜಿನ ಮೇಲೆ ದಿಂಬಿಟ್ಟು ಹಣೆ ಊರಬಹುದು, ಮಂಚದ ಅಂಚಿನಾಚೆ ಮುಖ ಚಾಚಿ ಬೋರಲು ಮಲಗಬಹುದು. ಊಟ, ಶೌಚ, ಡ್ರಾಪ್ಸ್‌ಗೆ ಏಳುವ ಸ್ವಲ್ಪ ಹೊತ್ತಿಗೆ ಭಯ ಬೇಡ. ಅಂಗಾತ ಮಲಗಿದರೆ ಗ್ಯಾಸ್ ಮುಂದೆ ಬಂದು ಮಸೂರಕ್ಕೆ ಒತ್ತುತ್ತದೆ, ಅದು ಕೂಡದು.

ಮೊದಲ ದಿನಗಳಲ್ಲಿ ಆ ಕಣ್ಣಿಗೆ ಬೆಳಕು, ಕೈಯಾಡಿಸುವುದು ಬಿಟ್ಟರೆ ಹೆಚ್ಚೇನೂ ಕಾಣುವುದಿಲ್ಲ. ಬಹಳ ಮಂದಿ ಇದರಿಂದ ಕಂಗಾಲಾಗುತ್ತಾರೆ. ಗ್ಯಾಸ್ ಕರಗಿದಂತೆ ನೋಟದ ಮೇಲ್ಭಾಗ ತಿಳಿಯಾಗಿ, ತುಳುಕುವ ಒಂದು ಗೆರೆ ದಿನದಿಂದ ದಿನಕ್ಕೆ ಕೆಳಗಿಳಿಯುತ್ತದೆ. ಕೊನೆಗೆ ಕೆಳಗೆ ಒಂದು ದುಂಡು ಗುಳ್ಳೆ ಉಳಿದು ಮಾಯವಾಗುತ್ತದೆ. ಬರೀ ಗಾಳಿಯಾದರೆ ವಾರದೊಳಗೆ, ಎಸ್‌ಎಫ್6 ಗ್ಯಾಸ್ ಸುಮಾರು ಎರಡು ವಾರದಲ್ಲಿ, ಸಿ3ಎಫ್8 ಗ್ಯಾಸ್ ಆರರಿಂದ ಎಂಟು ವಾರದಲ್ಲಿ ಹೋಗುತ್ತದೆ. ತಮಗೆ ತುಂಬಿದ್ದು ಯಾವುದೆಂದು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಲೇಬೇಕು.

ಇಲ್ಲಿ ಕರ್ನಾಟಕದವರು ವಿಶೇಷವಾಗಿ ತಿಳಿಯಬೇಕಾದ ಸಂಗತಿಯೊಂದಿದೆ. ಎತ್ತರಕ್ಕೆ ಹೋದಂತೆ ಹೊರಗಿನ ಗಾಳಿಯ ಒತ್ತಡ ಇಳಿಯುತ್ತದೆ, ಕಣ್ಣೊಳಗಿನ ಗ್ಯಾಸ್ ಹಿಗ್ಗುತ್ತದೆ. ಮುಚ್ಚಿದ ಕಣ್ಣುಗುಡ್ಡೆಯಲ್ಲಿ ಹಿಗ್ಗಲು ಜಾಗವಿಲ್ಲದೆ ಒತ್ತಡ ಏರಿ, ರೆಟಿನಾಕ್ಕೆ ರಕ್ತ ಹೋಗುವುದೇ ನಿಲ್ಲಬಹುದು. ವಿಮಾನ ಹತ್ತಬಾರದೆಂದು ಎಲ್ಲ ಆಸ್ಪತ್ರೆಗಳೂ ಹೇಳುತ್ತವೆ. ಘಾಟಿಯ ಬಸ್ಸು ನೆನಪಿಗೆ ಬರುವುದು ಕಡಿಮೆ. ಮಂಗಳೂರು ಅಥವಾ ಮಣಿಪಾಲದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಶಿರಾಡಿ ಹತ್ತಿ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿಗೆ ಹೋದರೆ ಗಾಳಿಯ ಒತ್ತಡ ಹತ್ತನೇ ಒಂದು ಭಾಗದಷ್ಟು ಇಳಿಯುತ್ತದೆ. ಮಡಿಕೇರಿ ಇನ್ನೂ ಎತ್ತರ. ಬೆಂಗಳೂರು, ಮೈಸೂರಿನಲ್ಲಿ ಚಿಕಿತ್ಸೆ ಪಡೆದ ಕೊಡಗಿನವರಿಗೂ, ಊಟಿಯ ಕಡೆಯವರಿಗೂ ಈ ಮಾತು ಅನ್ವಯಿಸುತ್ತದೆ. ಆದ್ದರಿಂದ ಯಾವ ಊರಿಂದ ಬಂದಿದ್ದೇವೆ, ಯಾವ ದಾರಿಯಲ್ಲಿ ಮರಳುತ್ತೇವೆ ಎಂದು ಶಸ್ತ್ರಚಿಕಿತ್ಸೆಗೆ ಮೊದಲೇ ಸರ್ಜನ್ನರಿಗೆ ಹೇಳಬೇಕು. ಅವರು ಗ್ಯಾಸ್ ಬದಲು ಎಣ್ಣೆ ಆರಿಸಬಹುದು, ಇಲ್ಲವೇ ಕೆಲವು ದಿನ ಕೆಳಗೇ ನೆಂಟರ ಮನೆಯಲ್ಲಿ ಉಳಿಯಲು ಹೇಳಬಹುದು. ದಾರಿಯಲ್ಲಿ ಕಣ್ಣು ನೋಯತೊಡಗಿ ದೃಷ್ಟಿ ಕಪ್ಪಾದರೆ ಮುಂದೆ ಹತ್ತದೆ ತಕ್ಷಣ ಕೆಳಗಿಳಿಯಬೇಕು, ಆಸ್ಪತ್ರೆಗೆ ಫೋನ್ ಮಾಡಬೇಕು.

ಇನ್ನೊಂದು ಅಪಾಯ ನೈಟ್ರಸ್ ಆಕ್ಸೈಡ್ ಎಂಬ ಅರಿವಳಿಕೆ. ಅದು ಕಣ್ಣಿನ ಗುಳ್ಳೆಯೊಳಗೆ ನುಗ್ಗಿ ಅದನ್ನು ಹಿಗ್ಗಿಸುತ್ತದೆ. ಗ್ಯಾಸ್ ಇರುವಾಗ ಹೆರಿಗೆ, ಅಪಘಾತ, ಹಲ್ಲಿನ ಚಿಕಿತ್ಸೆ ಯಾವುದಕ್ಕೇ ಆಸ್ಪತ್ರೆ ಸೇರಿದರೂ ಮೊದಲು ಹೇಳಬೇಕಾದ ಮಾತು ‘ಕಣ್ಣಲ್ಲಿ ಗ್ಯಾಸ್ ಇದೆ’ ಎಂಬುದು. ಕೆಲವು ಆಸ್ಪತ್ರೆಗಳು ಇದಕ್ಕೆಂದೇ ಕೈಗೆ ಪಟ್ಟಿ ಕಟ್ಟುತ್ತವೆ. ಗ್ಯಾಸ್ ಪೂರ್ತಿ ಹೋಗುವವರೆಗೆ ಅದನ್ನು ಬಿಚ್ಚಬಾರದು.

ಸಿಲಿಕಾನ್ ಎಣ್ಣೆ ತಾನಾಗಿ ಕರಗುವುದಿಲ್ಲ. ಸಾಮಾನ್ಯವಾಗಿ ಮೂರರಿಂದ ಆರು ತಿಂಗಳ ನಂತರ ಇನ್ನೊಂದು ಶಸ್ತ್ರಚಿಕಿತ್ಸೆ ಮಾಡಿ ತೆಗೆಯಬೇಕು. ಎಣ್ಣೆ ಇದ್ದವರು ವಿಮಾನದಲ್ಲಿ ಹೋಗಬಹುದು, ಘಾಟಿ ಹತ್ತಬಹುದು. ‘ಚೆನ್ನಾಗಿಯೇ ಕಾಣುತ್ತಿದೆ, ಇನ್ನೊಮ್ಮೆ ಖರ್ಚೇಕೆ’ ಎಂದು ಎಣ್ಣೆಯನ್ನು ವರ್ಷಗಟ್ಟಲೆ ಬಿಟ್ಟುಕೊಂಡವರಲ್ಲಿ ಕಣ್ಣಿನ ಒತ್ತಡ ಏರಿ, ಕರಿಗುಡ್ಡೆ ಮಂಜಾಗುವುದುಂಟು.

ಏನು ನಿರೀಕ್ಷಿಸಬಹುದು?

ಮೊದಲ ಶಸ್ತ್ರಚಿಕಿತ್ಸೆಯಲ್ಲೇ ಹತ್ತರಲ್ಲಿ ಎಂಟೊಂಬತ್ತು ಮಂದಿಗೆ ರೆಟಿನಾ ಅಂಟಿಕೊಳ್ಳುತ್ತದೆ. ಉಳಿದವರಲ್ಲಿ ಹೆಚ್ಚಿನವರಿಗೆ ಎರಡನೆಯದರಲ್ಲಿ. ಸೋಲಿಗೆ ಮುಖ್ಯ ಕಾರಣ ರೆಟಿನಾದ ಮೇಲೆ ಗಾಯದ ಪೊರೆ ಬೆಳೆದು ಮತ್ತೆ ಜಗ್ಗುವುದು. ನೂರಕ್ಕೆ ಐದರಿಂದ ಹತ್ತು ಮಂದಿಯಲ್ಲಿ ಹೀಗಾಗುತ್ತದೆ, ತಡವಾಗಿ ಬಂದವರಲ್ಲಿ ಹೆಚ್ಚು. ಅಂಟಿದ ರೆಟಿನಾ ಎಂದರೆ ಮೊದಲಿನ ದೃಷ್ಟಿ ಎಂದಲ್ಲ ಎಂಬುದನ್ನೂ ಮನೆಯವರು ತಿಳಿದಿರಬೇಕು. ಮ್ಯಾಕ್ಯುಲಾ ಕಳಚಿದ್ದ ಕಣ್ಣಿನಲ್ಲಿ ಸುಧಾರಣೆ ತಿಂಗಳುಗಟ್ಟಲೆ ನಿಧಾನವಾಗಿ ನಡೆಯುತ್ತದೆ, ಗೆರೆಗಳು ಸೊಟ್ಟಗೆ ಕಾಣುವುದು ಉಳಿಯಬಹುದು. ಐವತ್ತು ದಾಟಿದವರಲ್ಲಿ ವಿಟ್ರೆಕ್ಟಮಿಯ ನಂತರ ಎರಡು ವರ್ಷದೊಳಗೆ ಪೊರೆ ಬರುವುದು ಬಹುತೇಕ ಖಚಿತ. ಅದಕ್ಕೆ ಸಾಮಾನ್ಯ ಪೊರೆಯ ಶಸ್ತ್ರಚಿಕಿತ್ಸೆ ಸಾಕು.

ಮನೆಗೆ ಬಂದ ಮೇಲೆ ಸಣ್ಣ ಚುಚ್ಚು, ಕೆರೆತ, ಕೆಂಪು ಸಹಜ. ನೋವು ಕಡಿಮೆಯಾಗುವ ಬದಲು ಏರಿದರೆ, ವಾಂತಿ ಬಂದರೆ, ಕೀವು ಕಂಡರೆ, ಇದ್ದ ದೃಷ್ಟಿ ಇಳಿದರೆ ಮುಂದಿನ ತಾರೀಕಿಗೆ ಕಾಯಬಾರದು. ಸೋಂಕು ಅಪರೂಪ, ಆದರೆ ಗಂಟೆಗಳ ಲೆಕ್ಕದಲ್ಲಿ ಕಣ್ಣು ಕೆಡಿಸುತ್ತದೆ.

ಖರ್ಚಿನ ಚಿಂತೆಯಿಂದ ದಿನ ಕಳೆಯುವವರು ಬಹಳ. ಬೆಂಗಳೂರಿನ ಮಿಂಟೊ ಸರ್ಕಾರಿ ಕಣ್ಣಿನ ಆಸ್ಪತ್ರೆಯಲ್ಲಿ ರೆಟಿನಾ ವಿಭಾಗವಿದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ತಮಗೆ ಹೇಳಿದ ಶಸ್ತ್ರಚಿಕಿತ್ಸೆ ಯೋಜನೆಯ ಪಟ್ಟಿಯಲ್ಲಿದೆಯೇ, ಯಾವ ಆಸ್ಪತ್ರೆಯಲ್ಲಿ ಸಿಗುತ್ತದೆ, ರೆಫರಲ್ ಚೀಟಿ ಬೇಕೇ ಎಂಬುದನ್ನು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಬಹುದು. ರೇಷನ್ ಕಾರ್ಡು, ಆಧಾರ್ ಕಾರ್ಡನ್ನು ಮೊದಲ ದಿನವೇ ಜೊತೆಗೆ ಒಯ್ದರೆ ಅವನ್ನು ತರಲು ಊರಿಗೆ ಓಡಾಡಿ ಕಳೆಯುವ ಎರಡು ದಿನ ಉಳಿಯುತ್ತದೆ. ತಾಲ್ಲೂಕು ಆಸ್ಪತ್ರೆಯ ಕಣ್ಣಿನ ವೈದ್ಯರು ಶಸ್ತ್ರಚಿಕಿತ್ಸೆ ಮಾಡದಿದ್ದರೂ ಪಾಪೆ ಅಗಲಿಸಿ ನೋಡಿ, ತುರ್ತು ಎಂದು ಬರೆದು, ಎಲ್ಲಿಗೆ ಹೋಗಬೇಕೆಂದು ಹೇಳಬಲ್ಲರು. ಆ ಚೀಟಿ ದೊಡ್ಡ ಆಸ್ಪತ್ರೆಯ ಸಾಲಿನಲ್ಲಿ ಕೆಲಸಕ್ಕೆ ಬರುತ್ತದೆ.

ಪೆಟ್ಟಿನಿಂದ ಆಗುವ ಕಳಚಿಕೆ ಹರೆಯದವರಲ್ಲಿ ಹೆಚ್ಚು. ಬಾಕ್ಸಿಂಗ್ ಚಾಂಪಿಯನ್ ಶುಗರ್ ರೇ ಲಿಯೊನಾರ್ಡ್ ಅವರ ಎಡಗಣ್ಣಿನ ರೆಟಿನಾ ಭಾಗಶಃ ಕಳಚಿದ್ದು 1982ರಲ್ಲಿ, ಪಂದ್ಯವೊಂದಕ್ಕೆ ಅಭ್ಯಾಸ ಮಾಡುತ್ತಿದ್ದಾಗ. ಪಂದ್ಯ ಬಿಟ್ಟು ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ನಮ್ಮಲ್ಲಿ ಪೆಟ್ಟು ಬರುವುದು ಕ್ರಿಕೆಟ್ ಚೆಂಡು, ಶಟಲ್ ಕಾಕ್, ದೀಪಾವಳಿಯ ಪಟಾಕಿಗಳಿಂದ. ಮಿಂಟೊ ಆಸ್ಪತ್ರೆ ಪ್ರತಿ ದೀಪಾವಳಿಗೆ ಗಾಯಾಳುಗಳಿಗಾಗಿ ಹಗಲೂರಾತ್ರಿ ಸಜ್ಜಾಗಿರುತ್ತದೆ. ಊತ ಇಳಿದು ಕಣ್ಣು ಕಾಣತೊಡಗಿದ ಕೂಡಲೇ ಗುಣವಾಯಿತೆಂದು ಅನೇಕರು ಬಿಟ್ಟುಬಿಡುತ್ತಾರೆ. ಅಂಚಿನಲ್ಲಿ ಹರಕು ಉಳಿದಿದ್ದರೆ ಕಳಚಿಕೆ ವಾರಗಳ, ಕೆಲವೊಮ್ಮೆ ತಿಂಗಳುಗಳ ನಂತರ ಕಾಣಿಸಿಕೊಳ್ಳುತ್ತದೆ. ಪೆಟ್ಟು ತಿಂದ ಮಗುವಿನ ಕಣ್ಣನ್ನು ಪಾಪೆ ಅಗಲಿಸಿ ಅಂಚಿನವರೆಗೆ ಒಮ್ಮೆಯಾದರೂ ನೋಡಿಸಬೇಕು, ಮತ್ತೆ ಯಾವಾಗ ತೋರಿಸಬೇಕೆಂದು ಕೇಳಿಕೊಂಡೇ ಹೊರಡಬೇಕು.

ಒಂದು ಕಣ್ಣಿಗೆ ಚಿಕಿತ್ಸೆಯಾದವರಲ್ಲಿ ಇನ್ನೊಂದು ಕಣ್ಣಿಗೂ ಸುಮಾರು ಹತ್ತರಲ್ಲಿ ಒಬ್ಬರಿಗೆ ಇದೇ ತೊಂದರೆ ಬರುತ್ತದೆ. ರೆಟಿನಾದ ಅಂಚಿನಲ್ಲಿ ಲ್ಯಾಟಿಸ್ ಎಂಬ ತೆಳು ಪಟ್ಟಿಗಳು ಸಾಮಾನ್ಯ ಜನರಲ್ಲೂ ನೂರಕ್ಕೆ ಆರೆಂಟು ಮಂದಿಯಲ್ಲಿ ಇರುತ್ತವೆ; ಬಹುಪಾಲು ಎಂದೂ ಹರಿಯುವುದಿಲ್ಲ, ಎಲ್ಲಕ್ಕೂ ಲೇಸರ್ ಬೇಕಿಲ್ಲ. ಒಂದು ಕಣ್ಣಿನ ರೆಟಿನಾ ಆಗಲೇ ಕಳಚಿದ್ದವರಿಗೆ ಆ ಲೆಕ್ಕ ಬೇರೆ. ಅವರಿಗೆ ಮುನ್ನೆಚ್ಚರಿಕೆಯಾಗಿ ಲೇಸರ್ ಹಾಕಬೇಕೇ ಎಂದು ರೆಟಿನಾ ತಜ್ಞರು ಕಣ್ಣು ನೋಡಿ ತೀರ್ಮಾನಿಸುತ್ತಾರೆ. ಶಸ್ತ್ರಚಿಕಿತ್ಸೆಯಾದ ಕಣ್ಣಿನ ತಪಾಸಣೆಗೆ ಹೋದ ದಿನವೇ ಇನ್ನೊಂದಕ್ಕೂ ಡ್ರಾಪ್ಸ್ ಹಾಕಿಸಿ ನೋಡಿಸಿಕೊಂಡು, ಮೈನಸ್ ಪವರಿನ ಮಕ್ಕಳಿದ್ದರೆ ಅವರನ್ನೂ ಮುಂದಿನ ಸಲ ಜೊತೆಗೆ ಕರೆದೊಯ್ಯಬಹುದು.